ಟೆರಿಗೆ ಈಗ ಯಾರೂ ಚಹಾ ಕೊಡುವುದಿಲ್ಲ

ಬೆಳಗಿನ ಆರು ಗಂಟೆ. ಇಂಗ್ಲೆಂಡಿನ ಈಸ್ಟ್‌ಬೋರ್ನ್‌ನ ಸಮುದ್ರದ ಮೇಲೆ ಇನ್ನೂ ಮಂಜು ಕೂತಿದೆ. ಪೆನ್‌ಹರ್ಸ್ಟ್ ಕೋರ್ಟ್ ಎಂಬ ನಮ್ಮ ಕಟ್ಟಡದ ಮೆಟ್ಟಿಲುಗಳನ್ನು ಕಾರ್ಪೆಟ್ ಹಾಸುವ ಟೆರಿ ಹೋಡ್ ಹತ್ತುತ್ತಿದ್ದಾರೆ, ಹೆಗಲ ಮೇಲೆ ಕಾರ್ಪೆಟ್ಟಿನ ದಪ್ಪ ಸುರುಳಿ. ಲಿಫ್ಟಿನಲ್ಲಿ ಅದು ಹಿಡಿಸುವುದಿಲ್ಲ. ಸುರುಳಿಯ ಹಿಂದಿನ ತುದಿ ಹಿಡಿದಿರುವುದು ಅವರ ಆಳಲ್ಲ, ಮೂರನೇ ಮಹಡಿಯ ಗ್ವೆಂಡಾ ಪಿಲ್‌ಬೀಮ್. ರಾತ್ರಿಯುಡುಪಿನ ಮೇಲೆ ಕೋಟು ಹಾಕಿಕೊಂಡು ಬಂದಿದ್ದಾರೆ.

"ಮೆಲ್ಲಗೆ ಕಣ್ರೀ! ಗೋಡೆಗೆ ತಾಗಿಸ್ಬೇಡಿ, ಎಲ್ಲಾ ಎದ್ಬಿಡ್ತಾರೆ."

"ಎಲ್ಲಾ ಎದ್ದಾಗಿದೆ ತಾಯಿ. ನೈಜೆಲ್ ಬಾಗಿಲ ಕಿಂಡಿಯಿಂದ ನೋಡ್ತಿದಾರೆ."

ನೈಜೆಲ್ ಬಾಕ್ಸಾಲ್ ಮೊದಲನೇ ಮಹಡಿಯವರು, ನಿವಾಸಿಗಳ ಸಂಘದ ಅಧ್ಯಕ್ಷರು. ಕಿಂಡಿಯಿಂದ ನೋಡುವುದು ಅವರೊಬ್ಬರೇ ಅಲ್ಲ. ಎರಡನೇ ಮಹಡಿಯಲ್ಲಿ ನಾನೂ ಬಾಗಿಲ ಸಂದಿಯಲ್ಲಿ ನಿಂತಿದ್ದೇನೆ. ಪತ್ರಿಕೆಯ ಪುರವಣಿಗೆ ಟೆರಿಯ ಬಗ್ಗೆ ಬರೆಯುತ್ತಿರುವ ಲೇಖನಕ್ಕೆ ಬೇಕು ಅನ್ನುವುದು ನೆವ.

ನಾವೆಲ್ಲ ಇಲ್ಲಿ ಮನೆ ಕೊಂಡವರು. ಹಾಗಂತ ಒಡೆಯರೇನಲ್ಲ. ನಾವು ದುಡ್ಡು ಕೊಟ್ಟು ಕೊಂಡಿರುವುದು ನೂರಿಪ್ಪತ್ತೈದು ವರ್ಷದ ಗುತ್ತಿಗೆಯನ್ನು. ನೆಲದ ಒಡೆಯ ಬೇರೆ ಇದ್ದಾನೆ, ಅವನ ಮುಖ ಕಂಡವರಿಲ್ಲ. ಅವನ ಪರವಾಗಿ ಒಂದು ನಿರ್ವಹಣಾ ಕಂಪನಿ ಮಾತಾಡುತ್ತದೆ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಬಾರದು, ನಾಯಿ ಸಾಕಬಾರದು, ಎಂಟಕ್ಕೆ ಮುಂಚೆ ಸುತ್ತಿಗೆ ಎತ್ತಬಾರದು. ಅಡುಗೆಮನೆ, ಬಚ್ಚಲು ಬಿಟ್ಟು ಮಿಕ್ಕೆಲ್ಲ ಕಡೆ ಕಾರ್ಪೆಟ್ ಇರಲೇಬೇಕು, ಕೆಳಗಿನವರಿಗೆ ಹೆಜ್ಜೆ ಸಪ್ಪಳ ಕೇಳಬಾರದಲ್ಲ! ಕೊಳ್ಳುವಾಗ ಈ ಷರತ್ತುಗಳನ್ನು ಓದುವ ತಾಳ್ಮೆ ಯಾರಿಗಿರುತ್ತದೆ? ಮಾರುವ ದಿನ ಬಂದಾಗ ಒಂದೊಂದೇ ಎದ್ದು ಕೂರುತ್ತವೆ. ಷರತ್ತು ಮುರಿದವರ ಮನೆಯನ್ನು ಕೋರ್ಟಿಗೆ ಹೋಗಿ ಕಿತ್ತುಕೊಳ್ಳುವ ದಾರಿಯೂ ಒಡೆಯನಿಗಿದೆ. ಅಷ್ಟು ದೂರ ಹೋಗುವುದು ಅಪರೂಪ, ಆದರೆ ಆ ಮಾತು ಕಿವಿಗೆ ಬಿದ್ದ ಮೇಲೆ ಯಾವ ಕೊಳ್ಳುವವರಿಗೂ ನಿದ್ದೆ ಹತ್ತುವುದಿಲ್ಲ.

ಗ್ವೆಂಡಾ ಎಂಟು ವರ್ಷದ ಹಿಂದೆ ಕಾರ್ಪೆಟ್ ಕೀಳಿಸಿ ಓಕ್ ಮರದ ನೆಲ ಹಾಕಿಸಿದ್ದಾರೆ, ಯಾರನ್ನೂ ಕೇಳದೆ. ಹಳೆಯ ಕಾರ್ಪೆಟ್ ಕಿತ್ತು ವ್ಯಾನಿನಲ್ಲಿ ಸಾಗಿಸಿದ್ದು ಇದೇ ಟೆರಿ. ಲಿಫ್ಟ್ ಆಗಾಗ ಕೆಡುತ್ತದೆ, ಈಗ ಗ್ವೆಂಡಾ ಸೊಂಟ ಮೆಟ್ಟಿಲು ಒಪ್ಪುವುದಿಲ್ಲ, ಹತ್ತಿರದ ಹೇಲ್‌ಶಮ್‌ನಲ್ಲಿ ನೆಲಮಟ್ಟದ ಪುಟ್ಟ ಮನೆ ನೋಡಿಟ್ಟಿದ್ದಾರೆ. ಇಲ್ಲಿಯದು ಮಾರಿದರೆ ಅಲ್ಲಿಯದು. ಕೊಳ್ಳುವವರೂ ಸಿಕ್ಕಿದ್ದರು. ಅಷ್ಟರಲ್ಲಿ, ಮೂರು ವಾರದ ಹಿಂದೆ, ಕಂಪನಿಯಿಂದ ನೋಟಿಸ್ ಬಂತು: ನಿಮ್ಮ ಮನೆಯಲ್ಲಿ ಕಾರ್ಪೆಟ್ ಇಲ್ಲವೆಂದು ತಿಳಿದುಬಂದಿದೆ, ತಿಂಗಳ ಕೊನೆಯ ಗುರುವಾರ ಬಂದು ಪರಿಶೀಲಿಸುತ್ತೇವೆ. ಗುರುವಾರ ಎಲ್ಲ ಸರಿಯಾಗದಿದ್ದರೆ ಕೊಳ್ಳುವವರು ಕೈಬಿಡುತ್ತಾರಂತೆ. ಇವತ್ತು ಬುಧವಾರ.

ತಿಳಿದುಬಂದಿದೆ ಅಂದರೆ ಯಾರಿಂದ? ಮೂರು ವಾರದಿಂದ ಪೆನ್‌ಹರ್ಸ್ಟ್ ಕೋರ್ಟ್ ಉಸಿರಾಡುತ್ತಿರುವುದೇ ಈ ಪ್ರಶ್ನೆಯ ಮೇಲೆ. ಗ್ವೆಂಡಾ ಮನೆಯ ಕೆಳಗಿರುವ ಐರಿಸ್ ವೆನೆಸ್ ಮೇಲೆ ಮೊದಲು ಅನುಮಾನ ಬಿತ್ತು. ಆಮೇಲೆ ಅದು ಟೆರಿಯ ಮೇಲೆ ಹೋಗಿ ಗಟ್ಟಿಯಾಗಿ ಕೂತಿತು. ಎಲ್ಲ ಮನೆಗಳ ಒಳಗೂ ಓಡಾಡಿದವರು, ಯಾರ ಕಾಲಡಿ ಏನಿದೆ ಅಂತ ಬಲ್ಲವರು ಅವರೊಬ್ಬರೇ ತಾನೆ? ಕದ್ದು ಮರ ಹಾಕಿಸಿಕೊಂಡ ಮನೆಗಳು ಇಲ್ಲಿ ಇನ್ನೂ ಇವೆ. ನನ್ನ ಮನೆಯ ನೆಲದ ವಿಷಯ ಇಲ್ಲಿ ಬರೆಯುವುದಿಲ್ಲ, ಈ ಪುರವಣಿ ಯಾರ ಕೈಗೆ ಸಿಗುತ್ತದೋ ಹೇಳಲಾಗದು.

ಹಾಗಿದ್ದರೆ ಗ್ವೆಂಡಾ ಇವರನ್ನೇ ಏಕೆ ಕರೆದರು? ಕೇಳಲು ನಾನೂ ಅವರ ಹಿಂದೆಯೇ ಮೂರನೇ ಮಹಡಿಗೆ ಹತ್ತುತ್ತೇನೆ. "ಗುರುವಾರದೊಳಗೆ ಬೇರೆ ಯಾರೂ ಬರಲ್ಲ ಅಂದ್ರು," ಎಂದು ನನ್ನ ಕಿವಿಯಲ್ಲಿ ಪಿಸುಗುಡುತ್ತಾರೆ. "ಮತ್ತೆ, ಕಣ್ಣ ಮುಂದೆ ಇದ್ರೆ ಒಳ್ಳೇದು, ಅಲ್ವಾ?"

ಎಂಟು ಹೊಡೆದ ಮೇಲೆ ಕೆಲಸ ಶುರು. ಗೋಡೆಯ ಅಂಚಿನುದ್ದಕ್ಕೂ ಓಕ್ ನೆಲದ ಮೇಲೇ ಟೆರಿ ಮುಳ್ಳುಪಟ್ಟಿ, ಅಂದರೆ ಚೂಪು ಮೊಳೆಗಳೆದ್ದ ಮರದ ಪಟ್ಟಿ, ಬಡಿಯುತ್ತಾರೆ, ಅಡಿಹಾಸು ಹರಡುತ್ತಾರೆ. ಕಾರ್ಪೆಟ್ ಬಿಚ್ಚಿದ ಮೇಲೆ ಹಲ್ಲಿರುವ ಒಂದು ಸಾಧನವನ್ನು ಅದಕ್ಕೆ ಕಚ್ಚಿಸಿ, ಹಿಂಬದಿಯ ದಿಂಬಿಗೆ ಮೊಣಕಾಲಿನಿಂದ ಗುದ್ದುತ್ತಾರೆ. ಒಂದೊಂದು ಗುದ್ದಿಗೂ ಕಾರ್ಪೆಟ್ ಬಿಗಿಯಾಗಿ ಮುಳ್ಳಿಗೆ ಸಿಕ್ಕಿಕೊಳ್ಳುತ್ತದೆ. ಹದಿನಾರನೇ ವಯಸ್ಸಿನಿಂದ ಗುದ್ದುತ್ತಿರುವ ಮೊಣಕಾಲು ಅದು, ಈಗ ಟೆರಿಗೆ ಐವತ್ತೊಂಬತ್ತು. ಡಾಕ್ಟರು ಬದಲಾಯಿಸಬೇಕು ಅಂದಿದ್ದಾರೆ. "ಬದಲಾಯ್ಸಿದ್ಮೇಲೆ ಗುದ್ದಬಾರ್ದಂತೆ. ಹಾಗಾದ್ರೆ ಯಾಕೆ ಬದಲಾಯ್ಸೋದು?" ಎಂದು ನಗುತ್ತಾರೆ.

ಗ್ವೆಂಡಾ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಾರೆ. ಅವರ ಕೈಯಲ್ಲಿ ಚಹಾ ಇಲ್ಲ. ಮನೆಗೆ ಬಂದ ಕೆಲಸಗಾರನಿಗೆ ಮೊದಲು ಕೆಟಲ್ ಇಡುವ ಊರಿದು. ಚಹಾ ಬೇಕೇ ಎಂದು ಕೇಳಲಿಲ್ಲ ಅಂದರೆ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಈ ಕಟ್ಟಡದಲ್ಲಿ ಮೂರು ವಾರದಿಂದ ಯಾರೂ ಟೆರಿಗೆ ಚಹಾ ಬೇಕೇ ಎಂದು ಕೇಳಿಲ್ಲ. ಇಬ್ಬರು ಕೆಲಸ ಬೇಡವೆಂದಿದ್ದಾರೆ. ಸವೆದುಹೋದ ಹಳೆಯ ಹಾಸು ತೆಗೆದ ಮೇಲೆ ಸಾಮಾನ್ಯ ಮೆಟ್ಟಿಲುಗಳು ಬರಿದಾಗಿ ಬಿದ್ದಿವೆ. ಅವಕ್ಕೆ ಹೊಸ ಕಾರ್ಪೆಟ್ ಹಾಕುವ ದೊಡ್ಡ ಕೆಲಸ ಟೆರಿಯದೇ ಎಂದು ಮಾತಾಗಿತ್ತು. ಈಗ ನೈಜೆಲ್ "ಯೋಚನೆ ಮಾಡ್ಬೇಕು" ಅನ್ನುತ್ತಿದ್ದಾರೆ. ಯೋಚನೆಯ ಫಲ ಇವತ್ತು ಸಂಜೆಯ ಸಂಘದ ಸಭೆಯಲ್ಲಿ.

"ಆ ಮೆಟ್ಟಿಲು ಸಿಕ್ರೆ ಚಳಿಗಾಲ ಕಳೀತು," ಎನ್ನುತ್ತಾರೆ ಟೆರಿ, ಬಾಯಲ್ಲಿ ಮೊಳೆ ಕಚ್ಚಿಕೊಂಡು. "ಸಿಗ್ದಿದ್ರೆ ವ್ಯಾನು ಮಾರ್ಬೇಕು."

ಕಂಪನಿಗೆ ಸುದ್ದಿ ಕೊಟ್ಟಿದ್ದು ನೀವಲ್ಲ ಅಂತ ಎಲ್ಲರಿಗೂ ಒಂದು ಸಾರಿ ಹೇಳಿಬಿಡಬಾರದೇ ಎಂದು ಕೇಳುತ್ತೇನೆ. ಅವರ ಮುಖವನ್ನೇ ನೋಡುತ್ತೇನೆ, ಎಲ್ಲಾದರೂ ಬಣ್ಣ ಬದಲಾಗುತ್ತದೆಯೇ ಎಂದು.

"ಕೇಳ್ದೇ ಇರೋವಾಗ ನಾನಲ್ಲ ನಾನಲ್ಲ ಅಂತ ಬಾಗಿಲು ಬಡ್ಕೊಂಡು ಹೋದ್ರೆ ನೀವೇ ನಂಬ್ತೀರಾ?"

ಇಲ್ಲ, ನಂಬುತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕೋಣೆಗಳೆಲ್ಲ ಮುಗಿದಿವೆ. ಟೆರಿ ಬಾಗಿಲಿಗೆ ಬೆನ್ನು ಹಾಕಿ ಕಿಟಕಿಯ ಮೂಲೆಯ ಅಂಚು ಕತ್ತರಿಸುತ್ತಿದ್ದಾರೆ. ಕರೆಗಂಟೆ ಆಗುತ್ತದೆ. ಐರಿಸ್ ವೆನೆಸ್, ಕಂಕುಳಲ್ಲಿ ಟ್ಯಾಬ್ಲೆಟ್. ಗ್ವೆಂಡಾ ಬಾಗಿಲನ್ನು ಅರ್ಧವೇ ತೆರೆಯುತ್ತಾರೆ.

"ಬದುಕಿದ್ದೀಯಾ?" ಎನ್ನುತ್ತಾರೆ ಐರಿಸ್. "ಬೆಳಗ್ಗೆಯೆಲ್ಲಾ ಧಡ್ ಧಡ್ ಅಂತಿತ್ತು, ಆಮೇಲೆ ನಿನ್ನ ಹೆಜ್ಜೇನೇ ಕೇಳಿಸ್ಲಿಲ್ಲ. ಬಿದ್ದುಗಿದ್ದು ಹೋದ್ಯೇನೋ ಅಂತ ಬಂದೆ."

"ಕೇಳಿಸ್ತಿತ್ತು ಅಂತ ತಾನೇ ದೂರು ಕೊಟ್ಟಿದ್ದು?"

"ದೂರಾ? ಎಂಟು ವರ್ಷದಿಂದ ನೀನು ಎದ್ದಿದ್ದು ಕೇಳಿಸ್ಕೊಂಡೇ ನಾನು ಏಳೋದು ಕಣೇ! ಯಾಕೆ ದೂರು ಕೊಡ್ಲಿ?" ಐರಿಸ್ ಒಳಗೆ ನುಗ್ಗುತ್ತಾರೆ, ಕಾರ್ಪೆಟ್ ನೋಡಿ ನಿಲ್ಲುತ್ತಾರೆ. "ಅಯ್ಯೋ, ಮುಚ್ಚಿಬಿಟ್ಯಾ? ಜಾಹೀರಾತಲ್ಲಿ ಎಷ್ಟು ಚೆನ್ನಾಗಿ ಹೊಳೀತಿತ್ತು!"

"ಯಾವ ಜಾಹೀರಾತು?"

ಐರಿಸ್ ಟ್ಯಾಬ್ಲೆಟ್ ತೆರೆದು ಹಿಡಿಯುತ್ತಾರೆ. ಮಾರಾಟಕ್ಕಿರುವ ಮನೆಗಳನ್ನು ನೋಡುವುದು ಅವರ ಕಾಲಕ್ಷೇಪ. ಅದರಲ್ಲಿ ಗ್ವೆಂಡಾ ಮನೆಯೂ ಇದೆ. ಮೊದಲ ಚಿತ್ರದಲ್ಲೇ ಬೆಳಗಿನ ಬಿಸಿಲು ಬಿದ್ದ ಮರದ ನೆಲ, ಕೆಳಗೆ ದಪ್ಪಕ್ಷರದಲ್ಲಿ: ಅಪ್ಪಟ ಓಕ್ ನೆಲ. ಗ್ವೆಂಡಾ ಅದನ್ನು ತಾವೇ ಉಜ್ಜಿ ಹೊಳಪು ಕೊಟ್ಟು, ಬಿಸಿಲು ಬರುವ ಹೊತ್ತಿಗೆ ಸರಿಯಾಗಿ ಚಿತ್ರ ತೆಗೆಸಿದ್ದರು.

"ಪರ್ಮಿಷನ್ ತಗೊಂಡಿರ್ಬೇಕು, ಇಲ್ದಿದ್ರೆ ಹೀಗೆ ಊರಿಗೆಲ್ಲಾ ತೋರಿಸ್ತಾಳಾ ಅಂದ್ಕೊಂಡಿದ್ದೆ," ಎನ್ನುತ್ತಾರೆ ಐರಿಸ್. "ಕಂಪನಿಯವ್ರೂ ಇಂಥದ್ದೆಲ್ಲಾ ನೋಡ್ತಾ ಕೂತಿರ್ತಾರೆ, ಗೊತ್ತಿಲ್ವಾ?"

ಗ್ವೆಂಡಾ ಟ್ಯಾಬ್ಲೆಟ್ಟನ್ನು ಕೈಗೆ ತೆಗೆದುಕೊಂಡು ನೋಡುತ್ತಾರೆ. ಕೆನ್ನೆ, ಕಿವಿ ಎಲ್ಲ ಕೆಂಪಾಗುತ್ತವೆ. ನನಗೂ ನಾಚಿಕೆಯಾಗುತ್ತದೆ, ಆ ಜಾಹೀರಾತನ್ನು ನಾನೂ ನೋಡಿ ಮೆಚ್ಚಿದ್ದೆ. ಟೆರಿ ಮಾತ್ರ ತಲೆ ಎತ್ತುವುದಿಲ್ಲ. ಎಲ್ಲವೂ ಅವರ ಕಿವಿಗೆ ಬಿದ್ದಿದೆ, ಚಾಕು ಮಾತ್ರ ಅಂಚಿನಲ್ಲಿ ನೆಟ್ಟಗೆ ಓಡುತ್ತಲೇ ಇದೆ.

ಗ್ವೆಂಡಾ ಟ್ಯಾಬ್ಲೆಟ್ಟನ್ನು ಐರಿಸ್ ಕೈಗಿಟ್ಟು, ಲಿಫ್ಟಿಗೂ ಕಾಯದೆ ಹೊರಗೆ ಹೋಗುತ್ತಾರೆ. ಬರಿ ಮೆಟ್ಟಿಲುಗಳ ಮೇಲೆ ಅವರ ಚಪ್ಪಲಿ ನಿಧಾನವಾಗಿ ಇಳಿಯುವುದು ನಮಗೆ ಕೇಳುತ್ತದೆ. ಎರಡನೇ ಮಹಡಿ. ಮೊದಲನೇ ಮಹಡಿ. ನೈಜೆಲ್ ಬಾಗಿಲ ಸರಪಳಿ ಸದ್ದು ಮಾಡುತ್ತದೆ. ನಾನು ಮೆಟ್ಟಿಲ ಕಟಕಟೆಗೆ ಬಗ್ಗಿ ಕಿವಿಗೊಡುತ್ತೇನೆ.

"ನೈಜೆಲ್, ಅದು ಟೆರಿ ಅಲ್ಲ," ಎಂಬ ಗ್ವೆಂಡಾ ದನಿ ಕಟ್ಟಡಕ್ಕೆಲ್ಲ ಕೇಳುತ್ತದೆ. "ನಾನೇ. ನನ್ನ ಫೋಟೋದಿಂದ ನಾನೇ ಸಿಕ್ಕಿಬಿದ್ದೆ. ಸಂಜೆ ಸಭೇಲಿ ನಾನೇ ಹೇಳ್ತೀನಿ."

ಒಳಗೆ ಬಂದು ಟೆರಿಯನ್ನು ಮತ್ತೆ ಕೇಳುತ್ತೇನೆ, ಇನ್ನೇನು ಆಸೆ ಇದೆ ನಿಮಗೆ? ಪುರವಣಿಗೆ ಇಂಥದ್ದೊಂದು ಮಾತು ಬೇಕೇ ಬೇಕು. "ಮೆಟ್ಟಿಲು ಸಿಗ್ಲಿ," ಎಂದಷ್ಟೇ ಹೇಳಿ ಮೂಲೆಗೆ ತಿರುಗುತ್ತಾರೆ.

ಚಪ್ಪಲಿ ಮತ್ತೆ ಮೇಲೆ ಬರುತ್ತಿದೆ. ನಡುವೆ ಎರಡನೇ ಮಹಡಿಯಲ್ಲಿ ನಿಂತು ಸುಧಾರಿಸಿಕೊಂಡು, ಮೂರನೆಯದರ ಹೊಸ್ತಿಲವರೆಗೆ ಬಂದು ಸದ್ದು ನಿಂತುಹೋಗುತ್ತದೆ. ಬಹಳ ಹೊತ್ತು ಏನೂ ಕೇಳುವುದಿಲ್ಲ. ಟೆರಿ ಚಾಕು ಕೆಳಗಿಟ್ಟು ಕಿವಿಗೊಡುತ್ತಾರೆ. ವಾಪಸ್ ಹೋದರೇನೋ ಎಂದು ಹಿಂದೆ ತಿರುಗಿದರೆ, ಗ್ವೆಂಡಾ ಅವರ ಬೆನ್ನಿಗೇ ನಿಂತಿದ್ದಾರೆ, ಅಡುಗೆಮನೆಗೆ ಹೋಗಿ ಬಂದಿದ್ದಾರೆ, ಕೈಯಲ್ಲಿ ಹಬೆಯಾಡುವ ಚಹಾದ ಕಪ್.

"ಸಕ್ಕರೆ ಎರಡು ಚಮಚ. ಮರ್ತಿಲ್ಲ," ಎನ್ನುತ್ತಾರೆ ಗ್ವೆಂಡಾ.

ಟೆರಿ ಕಪ್ ತೆಗೆದುಕೊಳ್ಳುತ್ತಾರೆ. ಗ್ವೆಂಡಾರನ್ನಲ್ಲ, ನೆಲವನ್ನು ನೋಡುತ್ತಾ ನನಗೆ ಹೇಳುತ್ತಾರೆ:

"ಬಂದಿದ್ದು ಕೇಳಿಸ್ಲೇ ಇಲ್ಲ. ಕಾರ್ಪೆಟ್ ಚೆನ್ನಾಗಿ ಕೂತಿದೆ."