ಬಾದು ಮಾಸ್ಟರ್ ಮತ್ತು ಶುಕ್ರವಾರದ ಡಿಸ್ಕು

ಕುಮಾಸಿ ಪಟ್ಟಣದ ಅಸಾಫೊ ಬಡಾವಣೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಲೇ ಬಾದು ಮಾಸ್ಟರನ ತಲೆ ನರೆಯಿತು. ಯಂತ್ರಗಳೊಡನೆ ಮಾತಾಡದೆ ಅವನ ಕೈ ಓಡದು. ಬೇರೆ ಯಾವುದಕ್ಕೂ ಅಂಜದ ಅವನು ಕುಣಿತ ಎಂದರೆ ಮಾತ್ರ ಮೂಲೆ ಹುಡುಕುತ್ತಿದ್ದ. ತನ್ನ ಮದುವೆಯಲ್ಲೇ ಕುರ್ಚಿ ಬಿಟ್ಟು ಏಳಲಿಲ್ಲವೆಂದು ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಅವನ ಅಂಗಡಿಯಲ್ಲಿ ಡಿಸ್ಕುಗಳಿಗೂ ನಾಮಕರಣ ಆಗುತ್ತಿತ್ತು. ಆ ಊರಲ್ಲಿ ಮಕ್ಕಳಿಗೆ, ಗಂಡಿಗೊಂದು ಹೆಣ್ಣಿಗೊಂದು ಎಂದು, ಹುಟ್ಟಿದ ವಾರದ ಹೆಸರು ಬರುವ ಹಾಗೆ, ಡಿಸ್ಕಿಗೆ ಅದು ಕಂಪ್ಯೂಟರಿನ ಪೆಟ್ಟಿಗೆ ಸೇರಿದ ವಾರದ ಹೆಸರು. ಯಂತ್ರವನ್ನು ಎಬ್ಬಿಸುವ ಡಿಸ್ಕು ಗಂಡು; ಬರೀ ಚಿತ್ರ, ಹಾಡು ಇಟ್ಟುಕೊಳ್ಳುವುದು ಹೆಣ್ಣು. ಬಿಳಿ ಪಟ್ಟಿಯ ಮೇಲೆ ಹೆಸರು ಬರೆದು ಅಂಟಿಸಿದರೆ ಮುಗಿಯಿತು. ಹಳೆಯ ಗಿರಾಕಿ ಪೊಕುವಾಳ ಪೆಟ್ಟಿಗೆಯಲ್ಲಿ ಶುಕ್ರವಾರದ ಗಂಡು ಕೋಫಿಯೂ ಶನಿವಾರದ ಹೆಣ್ಣು ಆಮಾಳೂ ಬಹಳ ಕಾಲದಿಂದ ಸಂಸಾರ ಮಾಡಿಕೊಂಡಿದ್ದರು.

ಪೊಕುವಾ ಮದುವೆ, ನಾಮಕರಣಗಳ ವಿಡಿಯೊ ತೆಗೆಯುವವಳು. ಗುರುವಾರ ಮಧ್ಯಾಹ್ನ ಆ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತುಕೊಂಡೇ ಅಂಗಡಿಗೆ ಬಂದಳು.

"ಮಾಸ್ಟರ್, ನಿಮ್ಮ ಅಂಗಡಿ ಹುಡುಗ ಫುಸೇನಿ ಹೋದ ಶುಕ್ರವಾರ ಹೊಸ ಡಿಸ್ಕು ಹಾಕ್ಕೊಟ್ಟ. ಇವತ್ತು ಹಚ್ಚಿದ್ರೆ ಬರೀ ಕಪ್ಪು ಪರದೆ. ಡಿಸ್ಕೇ ಸಿಗ್ತಿಲ್ಲ ಅಂತದೆ!"

"ಹೊಟ್ಟೇಲಿ ಮೂರಿಟ್ಕೊಂಡು ಹಸಿವು ಅಂತದಾ? ಇಳಿಸು, ನೋಡಣ."

"ನಗಬೇಡಿ. ಅಮ್ಮನ ಚಿತ್ರ ಅದರೊಳಗಿದೆ."

ಬಾದುವಿನ ನಗು ನಿಂತಿತು. ತುಂಬು ಬಾಳು ಬಾಳಿ ಹೋದ ಪೊಕುವಾಳ ತಾಯಿಯ ಉತ್ತರಕ್ರಿಯೆ ಶನಿವಾರ. ಆ ಅಜ್ಜಿ ಬದುಕಿದ್ದಾಗಲೇ ಮಗಳ ಕ್ಯಾಮರಾದ ಮುಂದೆ ಕುಣಿದು, 'ನನ್ನ ಕ್ರಿಯೆಯ ದಿನ ಇದನ್ನೇ ತೋರಿಸಬೇಕು' ಎಂದು ಮಾತು ತೆಗೆದುಕೊಂಡಿದ್ದಳು.

"ಚಿತ್ರ ಎಲ್ಲ ಆಮಾದಲ್ಲಿಡು ಅಂತ ಎಷ್ಟು ಸಲ ಹೇಳಿದೀನಿ?"

"ಹಚ್ಚಿದ ಕೂಡ್ಲೆ ಅಮ್ಮನ ಮುಖ ಕಾಣ್ಲಿ ಅಂತ ಎದುರಿಗೇ ಇಟ್ಕೊಂಡೆ."

ಎದುರಿಗೆ ಎಂದರೆ ಯಂತ್ರವನ್ನು ಎಬ್ಬಿಸುವ ಕೋಫಿಯಲ್ಲಿ. ಬೇರೆಲ್ಲೂ ಇಲ್ಲ.

ಬಾದು ಮುಚ್ಚಳ ತೆಗೆದ. ಒಂದರ ಮೇಲೆ ಆಮಾ ಎಂದಿತ್ತು, ಇನ್ನೊಂದರ ಮೇಲೆ ಕೋಫಿ. ಮೂರನೆಯದಕ್ಕೆ ಹೆಸರೇ ಇರಲಿಲ್ಲ. ಹೊಸದು ಇದೇ ಇರಬೇಕು, ಫುಸೇನಿ ಪಟ್ಟಿ ಅಂಟಿಸಲು ಮರೆತಿದ್ದಾನೆ ಎಂದುಕೊಂಡ. ಕೋಫಿಯ ವಯರು, ಯಂತ್ರ ಏಳುವಾಗ ಹುಡುಕುವ ಮೊದಲನೆಯ ಜಾಗದಲ್ಲೇ ಇತ್ತು. ಉಳಿದೆರಡನ್ನೂ ಬಿಡಿಸಿ, ಕೋಫಿಯೊಂದನ್ನೇ ಇಟ್ಟು ಹಚ್ಚಿದ. ಕಪ್ಪು ಪರದೆ. "ಏಳಪ್ಪಾ ಕೋಫಿ, ಮಾನ ಕಳೀಬೇಡ" ಎಂದು ಬೇಡಿಕೊಂಡ. ಕೊನೆಗೆ ಅದನ್ನು ಅಂಗಡಿಯ ಇನ್ನೊಂದು ಯಂತ್ರಕ್ಕೆ ಸಿಕ್ಕಿಸಿ ನೋಡಿದರೆ, ಕೋಫಿ ಪೂರಾ ಖಾಲಿ! ಒಂದು ಅಕ್ಷರವಿಲ್ಲ, ಒಂದು ಚಿತ್ರವಿಲ್ಲ.

ಬಾದು ತಲೆಯ ಮೇಲೆ ಕೈಹೊತ್ತ. ಪೊಕುವಾ ಅವನ ಮುಖ ನೋಡಿ ಸ್ಟೂಲಿನ ಮೇಲೆ ಕುಸಿದಳು.

ನಮಾಜು, ಊಟ ಎರಡನ್ನೂ ಮುಗಿಸಿ ಫುಸೇನಿ ಬಾಯೊರೆಸಿಕೊಳ್ಳುತ್ತ ಬಂದ. ಬಡಗಣ ಸೀಮೆಯಿಂದ ಬಂದು ಬಾದುವಿನ ಜೊತೆಗೂಡಿದವನು.

"ಏನು, ಇಬ್ರೂ ಇವತ್ತೇ ಅಳ್ತಿದೀರಿ? ಕ್ರಿಯೆ ಶನಿವಾರ ತಾನೆ?"

"ಕೋಫಿ ಖಾಲಿಯಾಗಿದೆ ಕಣೋ!"

"ಖಾಲಿ ಇರದೆ ಇನ್ನೇನು? ನಾನು ಹೋದ ವಾರ ಹಾಕಿದ ಹೊಸ ಡಿಸ್ಕು ಅದು."

"ಹೊಸದಕ್ಕೆ ಕೋಫಿ ಅಂತ ಹೆಸರಿಟ್ಯಾ?"

"ಶುಕ್ರವಾರ ಹಾಕ್ದೆ, ಕೋಫಿ ಅಂದೆ. ನೀವು ಮಾವನ ಮನೇಲಿದ್ರಿ, ಯಾವ ವಯರು ಮೊದಲು ಅಂತ ಫೋನ್ ಮಾಡಿದ್ರೆ, ಕೋಫೀದು ಅಂದ್ರಿ. ಸಿಕ್ಕಿಸ್ದೆ. ಕರೆಂಟು ಹೋಗಿತ್ತು, ಹಚ್ಚಿ ನೋಡ್ಲಿಲ್ಲ."

"ಅಯ್ಯೋ ಪುಣ್ಯಾತ್ಮ, ಅದು ಬರೀ ಚಿತ್ರ ಇಡೋದು, ಹೆಣ್ಣು! ಶುಕ್ರವಾರದ ಹೆಣ್ಣು ಆಫುವಾ!"

"ನಮ್ಮ ಕಡೆ ವಾರ ನೋಡಿ ಹೆಸರಿಡಲ್ಲ ಮಾಸ್ಟರ್. ಅದರ ಮೇಲೆ ಕಬ್ಬಿಣದ ತುಂಡಿಗೆ ಗಂಡು ಹೆಣ್ಣು ಬೇರೆ!"

ಬಾದು ಹೆಸರಿಲ್ಲದ ಡಿಸ್ಕನ್ನು ತಿರುಗಿಸಿ ನೋಡಿದ. ಬಿಸಿಗೆ ಕಳಚಿಬಿದ್ದ ಹಳೆಯ ಪಟ್ಟಿ ಪೆಟ್ಟಿಗೆಯ ತಳದ ದೂಳಿನಲ್ಲಿತ್ತು, ಅವನದೇ ಅಕ್ಷರದಲ್ಲಿ: ಕೋಫಿ. ಪಾಪದ ಯಂತ್ರ ಮೊದಲ ಜಾಗದ ಖಾಲಿ ಡಿಸ್ಕಿನ ಬಾಗಿಲನ್ನೇ ಬಡಿದು ಬಡಿದು ಸೋತಿತ್ತು.

"ಮಾಸ್ಟರ್, ಇದು ಎದ್ರೆ ಶನಿವಾರ ನೀವು ಕುಣೀಬೇಕು" ಎಂದಳು ಪೊಕುವಾ.

"ಮೊದ್ಲು ಏಳ್ಲಿ ಮಾರಾಯ್ತಿ."

ಹಳೆಯ ಕೋಫಿಯನ್ನು ಮೊದಲ ಜಾಗಕ್ಕೆ ಸಿಕ್ಕಿಸಿ ಗುಂಡಿ ಒತ್ತಿದ. ಪರದೆ ಬೆಳಗಿತು. ಎದುರಿಗೇ ಅಜ್ಜಿಯ ಮುಖ. ಪೊಕುವಾ ಕಣ್ಣೊರೆಸಿಕೊಂಡು ಫುಸೇನಿಯ ಬೆನ್ನಿಗೊಂದು ಗುದ್ದು ಕೊಟ್ಟಳು.

"ಈಗಲೇ ಇನ್ನೊಂದು ಪ್ರತಿ ಆಮಾದಲ್ಲೂ ಇಡು" ಎಂದು ಬಾದು ಗದರಿದ. ಹೊಸ ಡಿಸ್ಕಿನ ಪಟ್ಟಿ ಕಿತ್ತು, ಆಫುವಾ ಎಂದು ಬರೆದು, ಆಮಾಳ ಪಕ್ಕದಲ್ಲಿ ಕೂರಿಸಿದ.

ಶನಿವಾರ ಶಾಮಿಯಾನದ ಕೆಳಗೆ ಬಿಳಿ ಬಟ್ಟೆಯ ಪರದೆಯ ಮೇಲೆ ಅಜ್ಜಿ ಸೊಂಟಕ್ಕೆ ಕೈಯಿಟ್ಟು ಕುಣಿದಳು. ನಡುವೆ ನಿಂತು, ಏದುಸಿರು ಬಿಡುತ್ತ, "ಕೂತವರನ್ನೆಲ್ಲ ಎಬ್ಬಿಸ್ರೇ!" ಎಂದಳು. ಕಪ್ಪು ಬಟ್ಟೆ ಉಟ್ಟ ನೆಂಟರೆಲ್ಲ ಎದ್ದರು. ಫುಸೇನಿ ಎಲ್ಲರಿಗಿಂತ ಮೊದಲು ಎದ್ದಿದ್ದ. ಹಿಂದಿನ ಸಾಲಿನಲ್ಲಿ ಬಾದು ಮಾತ್ರ ಕುರ್ಚಿಗೆ ಅಂಟಿಕೊಂಡಿದ್ದ.

ಪೊಕುವಾ ಬಂದು ಎದುರಿಗೆ ನಿಂತಳು. "ನೀವಾಗಿ ಏಳ್ತೀರೋ, ನಿಮ್ಮ ವಯರೂ ಬದಲಾಯಿಸ್ಬೇಕೋ?"

ಬಾದು ಎದ್ದ. ಬಲಗಾಲು ಹಾಕುವಲ್ಲಿ ಎಡಗಾಲು ಹಾಕಿದ. ಅವನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ಕೈಹಿಡಿದು ಜೊತೆಗೆ ಕುಣಿದಳು.