ಸುಲಭವಾಗಲಿ

ತೀರಿಕೊಂಡ ಗಂಡನ ಅಂಗಿಗಳನ್ನು ಮಡಚಿ ರಟ್ಟಿನ ಡಬ್ಬಿಗೆ ತುಂಬುತ್ತಿದ್ದೆ. ಪರದೇಶದ ಈ ಅರೋರಾ ಊರಿನಲ್ಲಿ ನಮ್ಮ ಪಕ್ಕದ ಮನೆಯವರಾದ ಟರ್ಕಿಯ ಎಮಿನೆ ಬಾಗಿಲಲ್ಲಿ ನಿಂತು, ಮೆಲ್ಲಗೆ ‘ಕೊಲಾಯ್ ಗೆಲ್ಸಿನ್’ ಎಂದರು.

ನನಗೆ ಸಿಟ್ಟು ಬಂತು. ‘ಕೊಲಾಯ್’ ಎಂದರೆ ಸುಲಭ. ಅವರಲ್ಲಿ, ಕೆಲಸ ಮಾಡುತ್ತಿರುವ ಯಾರನ್ನು ಕಂಡರೂ ‘ಸುಲಭವಾಗಲಿ’ ಎನ್ನದೆ ಮುಂದೆ ಹೋಗುವುದಿಲ್ಲ. ನಾನೂ ನನ್ನ ಗಂಡನೂ ಡ್ರೈವ್‌ವೇಯಲ್ಲಿ ಸ್ನೋ ಎತ್ತುವಾಗ ಅವರಿಂದ ಕೇಳುತ್ತಿದ್ದ ಮಾತು ಅದು.

“ಇದೇನು ಸ್ನೋ ತೆಗಿಯೂ ಕೆಲಸ ಅಂತ ತಿಳ್ಕೊಂಡೀರೇನ್ರೀ?” ಸಿಟ್ಟಿನಲ್ಲಿ ಕನ್ನಡವೇ ಬಾಯಿಗೆ ಬಂತು.

ಎಮಿನೆಗೆ ಅರ್ಥವಾಗಲಿಲ್ಲ. ನೆಲದ ಮೇಲೆ ಕೂತು ಒಂದು ಅಂಗಿ ಎತ್ತಿಕೊಂಡು, ಗುಂಡಿ ಹಾಕುತ್ತಾ ಇಂಗ್ಲಿಷಿನಲ್ಲಿ ಹೇಳಿದರು: “ನನ್ನ ಗಂಡನ ಬಟ್ಟೆ ಮಡಚುವಾಗ ನನಗೆ ಯಾರೂ ಹೀಗೆ ಹೇಳಲಿಲ್ಲ.”

ಅಲ್ಲಿಯವರೆಗೆ ಬಂದವರೆಲ್ಲ ಧೈರ್ಯ ಹೇಳಿ ಹೋಗಿದ್ದರು. ಅದು ಎಷ್ಟು ಕಷ್ಟದ ಕೆಲಸವೆಂದು ತಿಳಿದು ಜೊತೆಗೆ ಕೂತವರು ಅವರೊಬ್ಬರೇ.