ಬಾಲವಿಲ್ಲದ ಕಡವೆ

ಕಳೆದ ಸೆಪ್ಟೆಂಬರ್ ತಿಂಗಳ ಮೂರನೇ ಶನಿವಾರ ಮಧ್ಯಾಹ್ನ, ಸ್ವೀಡನ್ನಿನ ವೆಸ್ಟೆರಾಸಿನ ನಮ್ಮ ಮನೆಯಲ್ಲಿ ಜಿಂಕೆ ಮಾಂಸ ತಿನ್ನುವುದು ನಿಂತಿತು. ನಿಲ್ಲಿಸಿದವರು ನನ್ನ ಅತ್ತೆ. ಆ ಹೊತ್ತಿಗೆ ಅವರ ತಟ್ಟೆಯಲ್ಲಿ ಅರ್ಧ ಮುದ್ದೆ ಮತ್ತು ಅದೇ ಜಿಂಕೆಯ ಸಾರು ಇತ್ತು.

ಜಿಂಕೆ ನಮ್ಮ ಅಡುಗೆಮನೆಗೆ ಬಂದದ್ದು ಶೋಕಿಗಾಗಿ ಅಲ್ಲ, ಗಂಡನ ರಕ್ತಪರೀಕ್ಷೆಯಿಂದಾಗಿ. ನನ್ನ ಮಾವ ಐವತ್ತು ದಾಟಿದ ಸ್ವಲ್ಪ ಕಾಲಕ್ಕೇ ಹೃದಯಾಘಾತದಿಂದ ತೀರಿಕೊಂಡವರು. ಗಂಡನಿಗೆ ಆ ವಯಸ್ಸು ಹತ್ತಿರ ಬರುತ್ತಿದೆ. ಹಿಂದಿನ ಚಳಿಗಾಲದಲ್ಲಿ ಆರೋಗ್ಯ ಕೇಂದ್ರದ ವೈದ್ಯೆ ಅವರ ಕೊಲೆಸ್ಟ್ರಾಲ್ ನೋಡಿ ಮಾತ್ರೆ ಬರೆದುಕೊಟ್ಟರು, ಕುರಿ ಮಾಂಸ ಬಿಡಿ ಎಂದರು. ಮಟನ್ ಇಲ್ಲದ ಭಾನುವಾರವನ್ನು ರಜೆಯೆಂದೇ ಒಪ್ಪದ ಮನುಷ್ಯ ಇವರು. ಹಾಗಾದರೆ ಏನು ತಿನ್ನಲಿ ಎಂದು ಕೇಳಿದರು. ಮೀನು, ಕಾಳು, ಇಲ್ಲವೇ ಕಾಡುಪ್ರಾಣಿಯ ಮಾಂಸ, ಅದರಲ್ಲಿ ಕೊಬ್ಬು ಕಡಿಮೆ ಎಂದು ವೈದ್ಯೆ ಹೇಳಿದರು. ಗಂಡನ ಕಿವಿಗೆ ಮೀನು, ಕಾಳು ಎರಡೂ ಬೀಳಲಿಲ್ಲ.

ನಮ್ಮೂರಿನಲ್ಲಿ ಜೈಲಿಗೆ ಕಳಿಸುವ ಮಾಂಸವನ್ನು ಇಲ್ಲಿ ಪಥ್ಯವೆಂದು ಹೇಳಿ ಕಳಿಸಿದರು. ಅಂಗಡಿಯ ಫ್ರೀಜರಿನಲ್ಲಿ ಅದು ಬಟಾಣಿಯ ಪಕ್ಕದಲ್ಲೇ ಇರುತ್ತದೆ. ಗಂಡನ ಆಫೀಸಿನಲ್ಲಿ ಬೇಟೆಯಾಡುವ ಸಹೋದ್ಯೋಗಿಯೊಬ್ಬರಿದ್ದರು. ಫಿಕಾ ಎಂಬ ಕಾಫಿ ವಿರಾಮದಲ್ಲಿ ಇವರ ರಕ್ತದ ಕಥೆ ಕೇಳಿದ ಮೇಲೆ ಅವರೇ ಮಾಂಸದ ಪೊಟ್ಟಣಗಳನ್ನು ತಂದುಕೊಡತೊಡಗಿದರು. ನಾನು ನಿಂಬೆಕಾಯಿ ಉಪ್ಪಿನಕಾಯಿ ಕೊಟ್ಟು ಕಳಿಸುತ್ತಿದ್ದೆ. ಅವರು ಅದನ್ನು ಬ್ರೆಡ್ಡಿಗೆ ಹಚ್ಚಿ ತಿನ್ನುತ್ತಾರೆಂದು ಆಮೇಲೆ ತಿಳಿಯಿತು.

ಮೊದಲ ಸಲ ನಾನು ತೊಡೆಯ ತುಂಡುಗಳನ್ನು ಕುಕ್ಕರಿಗೆ ಹಾಕಿ ಮಟನ್ನಿನ ಲೆಕ್ಕದಲ್ಲೇ ವಿಷಲ್ ಕೂಗಿಸಿದೆ. ಆ ದಿನ ಗಂಡ ಟೀವಿಯಲ್ಲಿ ವಾರ್ತೆ ಶುರುವಾದಾಗ ಬಾಯಿಗಿಟ್ಟ ತುಂಡನ್ನು ಹವಾಮಾನ ವರದಿಯ ಹೊತ್ತಿಗೆ ನುಂಗಿದರು. ತೊಡೆಯಲ್ಲಿ ಕೊಬ್ಬೇ ಇಲ್ಲದ್ದರಿಂದ ಬೆಂದಷ್ಟೂ ಬಿಗಿಯುತ್ತದೆ. ಅದನ್ನು ಅರೆ ಹೆಪ್ಪುಗಟ್ಟಿರುವಾಗಲೇ ಎಳೆಗೆ ಅಡ್ಡವಾಗಿ ತೆಳ್ಳಗೆ ಕೊಯ್ದು, ಮೊಸರು, ಶುಂಠಿ, ಬೆಳ್ಳುಳ್ಳಿಯಲ್ಲಿ ನೆನೆಸಿ, ಚೆನ್ನಾಗಿ ಕಾದ ಬಾಣಲೆಯಲ್ಲಿ ಮೆಣಸಿನ ಪುಡಿಯೊಂದಿಗೆ ಎರಡೇ ಮಗುಚು ಮಗುಚಿ ಇಳಿಸಬೇಕು. ಭುಜ, ಕುತ್ತಿಗೆಯ ತುಂಡುಗಳಾದರೆ ಸಣ್ಣ ಉರಿಯಲ್ಲಿ ಬಹಳ ಹೊತ್ತು ಬಿಡಬೇಕು, ಸಾರಿಗೆ ಅವೇ ಸರಿ. ಕೈಮ ಉಂಡೆ ಕಟ್ಟುವಾಗ ಹುರಿಗಡಲೆ ಪುಡಿ ಸ್ವಲ್ಪ ಹೆಚ್ಚು ಬೇಕು, ಇಲ್ಲದಿದ್ದರೆ ಸಾರಿನಲ್ಲಿ ಉಂಡೆ ಒಡೆದು ಹೋಗುತ್ತದೆ. ಇಷ್ಟು ಕಲಿಯುವಷ್ಟರಲ್ಲಿ ಬೇಸಿಗೆ ಬಂತು. ಜಿಂಕೆ ನಮ್ಮ ಮನೆಯಲ್ಲಿ ಮಾಮೂಲಿ ಅಡುಗೆಯಾಯಿತು.

ಆಗಸ್ಟ್ ಕೊನೆಗೆ ಅತ್ತೆ ತುಮಕೂರಿನಿಂದ ಬಂದರು. ಮೊದಲ ದಿನವೇ ಸಾರು ಸುರಿದುಕೊಂಡು ತಿಂದು ಹೊಗಳಿದರು.

"ಈ ದೇಶದ ಮೇಕೆ ಚೆನ್ನಾಗಿ ಓಡಾಡ್ಕೊಂಡಿರುತ್ತೆ ಕಣಮ್ಮ. ಅದಕ್ಕೇ ನೋಡು, ಒಂಚೂರೂ ನೆಣ ಇಲ್ಲ."

ಇದು ಮೇಕೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅಲ್ಲ ಎಂದೂ ಯಾರೂ ಹೇಳಲಿಲ್ಲ. "ಇಲ್ಲಿನ ಬಾಡು ಅಮ್ಮ" ಎಂದಷ್ಟೇ ಗಂಡ ಹೇಳಿದ್ದರು, ಅದರಲ್ಲಿ ಸುಳ್ಳೇನಿರಲಿಲ್ಲ.

ಆ ಶನಿವಾರ ಸಹೋದ್ಯೋಗಿ ಹೊಸ ಪೊಟ್ಟಣಗಳೊಂದಿಗೆ ಊಟದ ಹೊತ್ತಿಗೇ ಬಂದರು. ಊಟದ ಹೊತ್ತಿಗೆ ಬಂದವರನ್ನು ಬಾಗಿಲಿನಿಂದ ಕಳಿಸುವುದು ಅತ್ತೆಗೆ ಗೊತ್ತಿಲ್ಲ. ಅವರನ್ನು ಕೂರಿಸಿ ಮುದ್ದೆ ಬಡಿಸಿದರು. ಅವರು ಚಮಚದಲ್ಲಿ ಕತ್ತರಿಸಿ ಅಗಿಯತೊಡಗಿದರು.

"ಅಗಿಯೋದಲ್ಲ, ನುಂಗೋದು ಅಂತ ಹೇಳೋ ಅವ್ರಿಗೆ. ಹಲ್ಲಿಗೆ ಯಾಕೆ ತೊಂದ್ರೆ ಕೊಡ್ತಾರೆ?"

ಗಂಡ ಅನುವಾದಿಸಿದರು. ಅವರು ನುಂಗಿ, ಕಣ್ಣಲ್ಲಿ ನೀರು ತಂದುಕೊಂಡು, ಬಹಳ ಚೆನ್ನಾಗಿದೆ ಎಂದರು. ಸಾರೂ ಮೆಚ್ಚಿದರು. ಆ ಸಂತೋಷದಲ್ಲಿ ಫೋನ್ ತೆಗೆದು, ತಟ್ಟೆಯಲ್ಲಿರುವ ಪ್ರಾಣಿ ಯಾವುದೆಂದು ಅತ್ತೆಗೆ ತೋರಿಸಿದರು. ಹೊಲದಂಚಿನಲ್ಲಿ ಕಿವಿ ನಿಮಿರಿಸಿ ನಿಂತ ಚಿತ್ರ.

ಅತ್ತೆ ಕನ್ನಡಕ ಹಾಕಿಕೊಂಡರು.

"ಇದೇನೋ ಇದು? ಮೇಕೆ ಅಲ್ಲ."

"ಅಲ್ಲ ಅಮ್ಮ. ರೋಯೂರ್ ಅಂತಾರೆ ಇಲ್ಲಿ. ಒಂಥರಾ ಜಿಂಕೆ. ಫುಲ್ ಲೀನ್ ಮೀಟು, ಡಾಕ್ಟರೇ ಹೇಳಿರೋದು."

"ಜಿಂಕೆಯೋ, ಕಡವೆಯೋ?"

"ಎಲ್ಲಾ ಒಂದೇ ಜಾತಿ ಅಮ್ಮ."

ಅತ್ತೆ ಕೈ ತೊಳೆದರು. "ನಮ್ಮ ಬೆಡಗು ಯಾವ್ದು ಹೇಳೋ?"

ಗಂಡ ನನ್ನ ಮುಖ ನೋಡಿದರು. ನನಗೆ ಗೊತ್ತಿತ್ತು, ನಮ್ಮ ಮದುವೆಯ ಮಾತುಕತೆಯಲ್ಲಿ ಮೊದಲು ಕೇಳಿದ್ದೇ ಅದನ್ನು. ಒಂದೇ ಬೆಡಗಿನವರು ಅಣ್ಣತಮ್ಮಂದಿರ ಲೆಕ್ಕ, ಅವರೊಳಗೆ ಹೆಣ್ಣು ಕೊಟ್ಟು ತರುವಂತಿಲ್ಲ. ಪ್ರತಿ ಬೆಡಗಿಗೂ ಒಂದು ಮರವೋ ಪ್ರಾಣಿಯೋ ಸೇರಿರುತ್ತದೆ. ಆ ಬೆಡಗಿನವರು ಅದನ್ನು ಕಡಿಯುವುದಿಲ್ಲ, ತಿನ್ನುವುದಿಲ್ಲ. ನನ್ನ ಗಂಡನ ಮನೆಯವರದು ಕಡವೆ. ಬೆಂಗಳೂರು, ತುಮಕೂರಿನಲ್ಲಿ ಯಾರೂ ಕಡವೆ ಬಡಿಸುವುದಿಲ್ಲವಾದ್ದರಿಂದ ಆ ನಿಯಮ ತನ್ನಷ್ಟಕ್ಕೆ ತಾನೇ ಪಾಲನೆಯಾಗಿಕೊಂಡು ಬಂದಿತ್ತು.

"ಬೆಡಗು ಮದ್ವೆಗೆ ಕೇಳೋದಲ್ವಾ ಅಮ್ಮ, ಊಟಕ್ಕಲ್ಲವಲ್ಲ" ಎಂದರು ಗಂಡ.

"ಮದ್ವೆಗೊಂದು ಬೆಡಗು, ಊಟಕ್ಕೊಂದು ಬೆಡಗು ಇಟ್ಕೊಂಡಿದೀಯೇನೋ?"

ಏನಾಯಿತೆಂದು ಸಹೋದ್ಯೋಗಿ ಕೇಳಿದರು. ಬೆಡಗನ್ನು ಸ್ವೀಡಿಷ್ ಭಾಷೆಗೆ ತರಲಾಗದೆ ಗಂಡ, ಈ ಪ್ರಾಣಿ ನಮ್ಮ ಕುಟುಂಬಕ್ಕೆ ಸಂಬಂಧಿಯಾಗಬೇಕು ಎಂದರು. ಅವರು ಚಮಚ ಕೆಳಗಿಟ್ಟರು. ಸ್ವಲ್ಪ ಯೋಚಿಸಿ, ಇಲ್ಲಿಯವರು ಸಾವಿನ ಮನೆಯಲ್ಲಿ ಹೇಳುವ ಸಂತಾಪದ ಮಾತನ್ನು ಅತ್ತೆಗೆ ಹೇಳಿ, ಕೈ ಕುಲುಕಿ ಹೊರಟರು.

ಅತ್ತೆ ತಲೆಗೆ ಸ್ನಾನ ಮಾಡಿ ದೇವರ ಮುಂದೆ ಕೂತರು. ಫ್ರೀಜರಿನ ಎರಡು ಡ್ರಾಯರು ತುಂಬ ಜಿಂಕೆಯಿತ್ತು. ಅದನ್ನು ಎಸೆಯುವಂತಿಲ್ಲ, ತಿನ್ನುವಂತಿಲ್ಲ. ಐಸ್‌ಕ್ರೀಮ್ ತೆಗೆಯಲು ಹೋದಾಗಲೆಲ್ಲ ಅತ್ತೆ ಆ ಡ್ರಾಯರುಗಳತ್ತ ನೋಡದೆ ಮುಖ ತಿರುಗಿಸಿಕೊಳ್ಳುತ್ತಿದ್ದರು.

ಗಂಡನಿಗೆ ಹುರುಳಿ, ಅಲಸಂದೆ, ಕಡಲೆ ಸರದಿಯಲ್ಲಿ ಬಂದವು. ಮುಂದಿನ ವಾರ ಅವರು ಆಫೀಸಿನ ಕೆಲಸಕ್ಕೆ ರಾಜಧಾನಿಯ ಪಕ್ಕದ ಸೋಲ್ನಾಕ್ಕೆ ಹೋಗಿ ಸಂಜೆಯ ರೈಲಿನಲ್ಲಿ ವಾಪಸಾದರು. ಹಸಿವಿಲ್ಲ ಎಂದರು. ಅಂಗಿಯ ತೋಳಿನಲ್ಲಿ ಕುರಿ ಕಬಾಬಿನ ಬೆಳ್ಳುಳ್ಳಿ ಸಾಸಿತ್ತು. ಅತ್ತೆ ಅದನ್ನು ನೋಡಿದರು.

"ನಿಮ್ಮಪ್ಪನೂ ಹಿಂಗೇ. ಹೊರಗಡೆ ತಿಂದು, ಬಾಯಿ ಒರೆಸ್ಕೊಂಡು ಬಂದು, ಹಸಿವಿಲ್ಲ ಅನ್ನೋರು."

ಆ ಸಂಜೆಯಿಂದ ಅತ್ತೆಯ ನಡವಳಿಕೆಯಲ್ಲಿ ಒಂದು ಬದಲಾವಣೆ ಕಾಣಿಸಿತು. ಜಿಂಕೆಯ ಇನ್ನಷ್ಟು ಫೋಟೊ ತರಿಸು ಎಂದು ಮಗನಿಗೆ ಹೇಳಿದರು. ಮುಂದಿನಿಂದ ಬೇಡ, ಹಿಂದಿನಿಂದ ತೆಗೆದದ್ದು ಬೇಕು ಎಂದರು. ಬಂದ ಫೋಟೊಗಳನ್ನು ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಭಾನುವಾರ ಬೆಳಿಗ್ಗೆ ನಮ್ಮಿಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಶಿರಾ ಕಡೆಯ ದೊಡ್ಡಪ್ಪನಿಗೆ ವಿಡಿಯೊ ಕರೆ ಮಾಡಿದರು. ದೊಡ್ಡಪ್ಪ ಎಂದರೆ ಮಾವನ ದಾಯಾದಿ ಅಣ್ಣ. ಬೆಡಗಿನ ವಿಚಾರದಲ್ಲಿ ಆ ಕಡೆ ಅವರ ಮಾತೇ ಕೊನೆ. ಪರದೆಯ ಮೇಲೆ ಅವರ ಒಂದು ಕಿವಿ ಮತ್ತು ಸೂರಿನ ಫ್ಯಾನು ಕಾಣುತ್ತಿತ್ತು.

ಅತ್ತೆ ವಿಷಯ ವಿವರಿಸಿದರು. ಯಾರು ತಿಂದರು ಎಂಬುದನ್ನು ಮಾತ್ರ ಬಿಟ್ಟರು.

"ಎಷ್ಟೆತ್ರ ಐತಮ್ಮ ಅದು?"

"ನಮ್ಮ ಟಗರಿಲ್ವಾ ಭಾವ, ಅಷ್ಟೇ."

"ಕೊಂಬು?"

"ಗೇಣುದ್ದ."

"ಬಣ್ಣ?"

"ಕೆಂಪಗೈತೆ."

"ಕಡವೆ ಕರೀದಾಗಿರ್ತದೆ. ಹೋರಿ ಎತ್ರ ಇರ್ತದೆ. ಬಾಲ?"

ಅತ್ತೆ ಇದಕ್ಕೇ ಕಾದಿದ್ದರೆಂದು ನನಗೆ ಅನ್ನಿಸಿತು.

"ಬಾಲಾನೇ ಇಲ್ಲ ಭಾವ."

ಫ್ಯಾನು ತಿರುಗುತ್ತಿತ್ತು. "ಏನಂದೆ?"

"ಇಲ್ವೇ ಇಲ್ಲ. ಹಿಂದ್ಗಡೆ ಬೆಳ್ಳಗೆ, ಪೌಡ್ರು ಹಚ್ಚಿದಂಗೈತೆ ಅಷ್ಟೇ."

ಇಲ್ಲಿ ಗಂಡ ಬಾಯಿ ಹಾಕಿದರು. "ದೊಡ್ಡಪ್ಪ, ಸೈಂಟಿಫಿಕ್ ಆಗಿ ನೋಡಿದ್ರೆ ಎರಡೂ ಒಂದೇ ಫ್ಯಾಮಿಲಿ…"

ಅತ್ತೆ ಮೇಜಿನ ಕೆಳಗೆ ಅವರ ಕಾಲು ತುಳಿದರು.

"ಏನಂತಾನಮ್ಮ ಅವ್ನು?"

"ನಮಸ್ಕಾರ ಅಂತಾನೆ ಭಾವ."

ದೊಡ್ಡಪ್ಪ ಕೆಮ್ಮಿದರು. "ಬಾಲ ಇಲ್ದಿದ್ದು ಎಂಥಾ ಕಡವೆಯಮ್ಮ? ಅದು ನಮ್ಮ ಬೆಡಗಿಗೆ ಬರಲ್ಲ. ಯಾವುದೋ ಅಲ್ಲಿನ ಪ್ರಾಣಿ. ಹುಡ್ಗ ತಿನ್ಲಿ, ಔಷಧಿ ಅಂತೀಯಲ್ಲ."

"ಹಂಗಾದ್ರೆ ಭಾವ, ಮುಂಚೆ ಯಾರಾದ್ರೂ ತಿಂದಿದ್ರೆ?"

"ಯಾರು ತಿಂದವ್ರೆ?"

"ಯಾರೋ. ಸುಮ್ನೆ ಕೇಳ್ದೆ."

"ಅದ್ಕೂ ಏನಿಲ್ಲ."

ಅತ್ತೆ ಉಸಿರು ಬಿಟ್ಟರು. ಅಲ್ಲಿಗೆ ಕರೆ ಮುಗಿಯಬೇಕಿತ್ತು. ತೀರ್ಪಿನಿಂದ ಹುರುಪುಗೊಂಡ ಗಂಡ, ಇದೂ ಒಂದು ಕೇಳಿಬಿಡೋಣ ಎಂದು, ಈ ದೇಶದ ದೊಡ್ಡ ಜಿಂಕೆ ಮೂಸ್‌ನ ಚಿತ್ರವನ್ನು ಕ್ಯಾಮೆರಾಕ್ಕೆ ಹಿಡಿದರು. ಅದರ ಮಾಂಸವೂ ನೆಣವಿಲ್ಲದ್ದು, ಅಂಗಡಿಯಲ್ಲೂ ಸಿಗುತ್ತದೆ, ಅಕ್ಟೋಬರಿನಲ್ಲಿ ಸಹೋದ್ಯೋಗಿಯಿಂದಲೂ ಬರುವುದಿತ್ತು.

ಕಿವಿ ಹೋಗಿ ದೊಡ್ಡಪ್ಪನ ಕಣ್ಣು ಬಂತು.

"ಅಯ್ಯಯ್ಯೋ, ಇದು ಕಡವೆಗೇ ತಾತ ಕಣ್ಲಾ! ಕೈ ಮುಗಿ ಮೊದ್ಲು."

ಗಂಡ ಕೈ ಮುಗಿದರು. ಅತ್ತೆಯೂ ಮುಗಿದರು. ಕರೆ ಕಟ್ಟಾದ ಮೇಲೆ ಅತ್ತೆ ಮಗನತ್ತ ತಿರುಗಿದರು.

"ಕೇಳಿದ್ದಕ್ಕೆ ಬಾಲ ಬಂತು ನೋಡು. ಇಂಜಿನಿಯರಂತೆ."

"ಅಮ್ಮಾ, ಅದಕ್ಕೂ ದೊಡ್ಡ ಬಾಲ ಏನಿಲ್ಲ. ಮತ್ತೆ ಫೋನ್ ಮಾಡಿ ಹೇಳ್ಲಾ?"

"ಮಾಡು. ಫ್ರೀಜರಿನಲ್ಲಿರೋ ಜಿಂಕೇನೂ ಬೇಡ ಅಂದುಬಿಡ್ಲಿ. ಹುರುಳಿ ಇನ್ನೂ ಎರಡು ಪ್ಯಾಕೆಟ್ ಐತೆ."

ಗಂಡ ಫೋನ್ ಕೆಳಗಿಟ್ಟರು.

ಅವತ್ತು ಮಧ್ಯಾಹ್ನ ಅತ್ತೆಯೇ ಅಡುಗೆಗೆ ನಿಂತರು. ತೊಡೆಯನ್ನು ತೆಳ್ಳಗೆ ಕೊಯ್ಯುವುದನ್ನು ನನ್ನಿಂದ ಕೇಳಿ ತಿಳಿದುಕೊಂಡು, ಇದು ಬಾಡು ಕೊಯ್ಯೋದಾ ಬೀನ್ಸ್ ಹೆಚ್ಚೋದಾ ಎಂದು ಹಂಗಿಸಿ, ಆಮೇಲೆ ಹಾಗೆಯೇ ಕೊಯ್ದರು. ಎಣ್ಣೆ ಮಾತ್ರ ಒಂದು ಚಮಚ ಹೆಚ್ಚು ಹಾಕಿದರು. ನಾನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು.

"ಬಾಲ ಇಲ್ದಿರೋದಕ್ಕೆ ಎಣ್ಣೆನೂ ಬೇಡ್ವಾ ಪಾಪ?" ಎಂದರು.

ಮಗನಿಗೆ ಬಡಿಸಿದರು, ನನಗೆ ಬಡಿಸಿದರು, ಕೊನೆಯಲ್ಲಿ ಬಾಣಲೆಯಲ್ಲಿ ಉಳಿದದ್ದಕ್ಕೆ ಅನ್ನ ಹಾಕಿ ಕಲಸಿಕೊಂಡು ತಾವು ತಿಂದರು.

ಅಕ್ಟೋಬರಿನಲ್ಲಿ ಸಹೋದ್ಯೋಗಿ ಮೂಸ್ ಮಾಂಸ ಕೊಡಲು ಬಂದಾಗ ಗಂಡ ಬೇಡವೆಂದರು. ಅವರು ಕಾರಣ ಕೇಳಿದರು. ಇದು ಇನ್ನೂ ಹತ್ತಿರದ ಸಂಬಂಧ ಎಂದು ಗಂಡ ಹೇಳಿದರು. ನವೆಂಬರಿನಲ್ಲಿ ಅತ್ತೆ ತುಮಕೂರಿಗೆ ಹಿಂದಿರುಗಿದರು.

ಜನವರಿಯಲ್ಲಿ ಗಂಡನ ರಕ್ತಪರೀಕ್ಷೆಯ ಹೊಸ ವರದಿ ಬಂತು. ಅತ್ತೆ ಅದನ್ನು ಫೋನಿನಲ್ಲಿ ಪೂರ್ತಿ ಓದಿಸಿ ಕೇಳಿದರು. ಕೆಟ್ಟ ಕೊಲೆಸ್ಟ್ರಾಲ್ ಇಳಿದಿದೆ. ವೈದ್ಯೆ ಮಾತ್ರೆಯನ್ನು ಮುಂದುವರಿಸಿದ್ದಾರೆ. ಮುಂದಿನ ಪರೀಕ್ಷೆ ಏಪ್ರಿಲಿನಲ್ಲಿದೆ.